ಕಾಯಿಲೆಯ ಹೆಸರು ಹೇಳಬೇಡಿ ಅಂದಿದ್ದೆ

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ನಿಗೆ ಕೂರುತ್ತಿದ್ದ ಕಾಲದಲ್ಲಿ ನನಗೆ ಟಿಬಿ ಬಂತು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ‘ಇನ್ನು ನಿನ್ನಿಂದ ಯಾರಿಗೂ ಹರಡಲ್ಲಮ್ಮ, ಆದ್ರೂ ಕೋರ್ಸ್ ಪೂರ್ತಿ ಮುಗಿಸು’ ಅಂದರು. ವಿಷಯ ನನ್ನ ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾರೆ, ಅದನ್ನೇನು ಯಾರೂ ಹೇಳಿಕೊಡಬೇಕಿರಲಿಲ್ಲ. ಓನರ್ ಆಂಟಿ ಕೆಟ್ಟವರಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಸ್ಕೂಲಿನಿಂದ ಬಂದ ಮಗಳು ನಾನು ಬರುವವರೆಗೂ ಅವರ ಮನೆಯಲ್ಲೇ ಇರುತ್ತಿದ್ದಳು. ಫ್ಯಾಕ್ಟರಿಯೊಳಗೆ ಫೋನ್ ಬಿಡುತ್ತಿರಲಿಲ್ಲವಾದ್ದರಿಂದ ನನ್ನ ಫೋನೂ ಅಲ್ಲೇ ಇರುತ್ತಿತ್ತು.

ಒಂದು ದಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯ ಹುಡುಗಿಯೊಬ್ಬಳು ಆಸ್ಪತ್ರೆಗೆ ಬಂದು ನಮ್ಮಂಥ ರೋಗಿಗಳನ್ನೆಲ್ಲ ಕೂರಿಸಿ ಮೀಟಿಂಗ್ ಮಾಡಿದಳು. ದಿನಾ ತಾನಾಗಿ ಫೋನ್ ಬಂದು ಮಾತ್ರೆ ನೆನಪಿಸುವ ವ್ಯವಸ್ಥೆಯಂತೆ. ‘ನಿಮ್ಮನ್ನ ಕೇಳದೆ ಏನೂ ಮಾಡಲ್ಲ, ನೀವು ಹೇಗೆ ಹೇಳ್ತೀರೋ ಹಾಗೇ’ ಅಂದಳು. ಎಷ್ಟು ಖುಷಿಯಾಯಿತು ನನಗೆ! ಜನ್ಮದಲ್ಲಿ ನಮ್ಮನ್ನು ಯಾರು ಕೇಳಿದ್ದರು? ಕಾಫಿ, ಪಫ್ಸ್ ಕೊಟ್ಟು, ರೆಕಾರ್ಡ್ ಮಾಡಿದ ದನಿ ಕೇಳಿಸಿದಳು. ‘ನಮಸ್ಕಾರ. ನಿಮ್ಮ ಕ್ಷಯರೋಗದ ಮಾತ್ರೆ ತೆಗೆದುಕೊಂಡಿರಾ?’

ನಾನು ಎದ್ದು ನಿಂತೆ. ‘ಮೇಡಂ, ಕಾಯಿಲೆ ಹೆಸರು ತೆಗೀರಿ. ಮಾತ್ರೆ ತಗೊಂಡ್ರಾ ಅಂದ್ರೆ ಸಾಕು, ನಮಗೆ ಗೊತ್ತಾಗುತ್ತೆ. ಫೋನ್ ಯಾರ ಕೈಲಿರುತ್ತೋ ಏನೋ!’

‘ಗುಡ್ ಪಾಯಿಂಟ್ ಅಕ್ಕ’ ಅಂದು ಅವಳು ನನ್ನ ಪಕ್ಕ ಕೂತಿದ್ದ ವಯಸ್ಸಾದ ಯಜಮಾನರ ಕಡೆ ತಿರುಗಿದಳು. ಆನೇಕಲ್ ಕಡೆಯವರು. ‘ಚೆನ್ನಾಗೈತೆ ಕಣವ್ವ, ದನಿ ಬೋ ಚೆನ್ನಾಗೈತೆ’ ಅಂದರು. ಉಳಿದವರೂ ಕೋಲೆಬಸವನ ಹಾಗೆ ತಲೆಯಾಡಿಸಿದರು.

ಹೊರಗೆ ಬಂದಮೇಲೆ ಯಜಮಾನರನ್ನು ಹಿಡಿದುಕೊಂಡೆ. ‘ಏನ್ ತಾತ, ನಿಮಗೆ ಈ ಭಯ ಇಲ್ವಾ?’

‘ಇಲ್ದೆ ಏನವ್ವ? ಫೋನು ಸೊಸೆ ಕೈಲಿರ್ತದೆ.’

‘ಮತ್ತೆ ಒಳಗೆ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?’

‘ಅವರ ಕಾಪಿ ಕುಡ್ದು ಅವರ ಕೆಲ್ಸಾನೇ ಜರಿಯಕ್ಕಾಯ್ತದಾ? ಪಾಪ, ನಮ್ಮನ್ನ ಉಡುಕ್ಕೊಂಡು ಬಂದೈತೆ ಮಗ.’

ಮೈಯೆಲ್ಲ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆಯಬಾರದು, ಒಪ್ಪೋಣ. ಅದಕ್ಕೆ ನಮ್ಮ ಮನೆ ಹಾಳಾಗಬೇಕಾ? ಒಂದು ಪಫ್ಸಿಗೆ ಇಷ್ಟೊಂದು ನಿಯತ್ತಾ?

ಮುಂದಿನ ತಿಂಗಳು ಫೋನ್ ಬರಲು ಶುರುವಾಯಿತು. ಮೊದಲ ದಿನವೇ ಮಧ್ಯಾಹ್ನ ಬಂದಿದೆ, ಆಂಟಿ ಎತ್ತಿದ್ದಾರೆ. ಸಂಜೆ ನಾನು ಬಂದಾಗ ಮಗಳು ಬೀಗ ಹಾಕಿದ ನಮ್ಮ ಬಾಗಿಲ ಮುಂದೆ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಆಂಟಿ ನನ್ನ ಫೋನನ್ನು ಕೈಗೆ ಕೊಡದೆ ಕಾಂಪೌಂಡ್ ಗೋಡೆಯ ಮೇಲಿಟ್ಟು ಹಿಂದೆ ಸರಿದರು.

‘ಬೇಜಾರ್ ಮಾಡ್ಕೋಬೇಡ ಕಣಮ್ಮ. ನಮ್ಮನೇಲೂ ಮೊಮ್ಮಗ ಅವ್ನೆ. ತಿಂಗಳು ಮುಗಿಯೋದ್ರೊಳಗೆ ಬೇರೆ ಕಡೆ ನೋಡ್ಕೊ.’

‘ನನ್ನಿಂದ ಹರಡಲ್ಲ ಆಂಟಿ, ಬೇಕಾದ್ರೆ ಡಾಕ್ಟರನ್ನೇ ಕೇಳಿ.’

‘ಡಾಕ್ಟರು ಬಂದು ನಮ್ಮನೇಲಿರ್ತಾರಾ?’

ಮಾರನೆಯ ದಿನ ಆ ಕಂಪನಿಯ ಹುಡುಗಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ‘ಅಕ್ಕ, ಅವತ್ತು ಎಲ್ರೂ ಚೆನ್ನಾಗಿದೆ ಅಂದ್ರಲ್ಲ, ನಿಮ್ಮೊಬ್ಬರದ್ದೇ ಬೇರೆ ಇತ್ತು. ನೆಕ್ಸ್ಟ್ ವರ್ಷನ್‌ನಲ್ಲಿ ಖಂಡಿತ ನೋಡ್ತೀವಿ’ ಅಂದಳು. ‘ಅಲ್ಲೀವರೆಗೂ ನಾನು ರೋಡಲ್ಲಿರ್ಲಾ ತಾಯಿ?’ ಅಂದೆ. ನನ್ನ ಅಭಿಪ್ರಾಯ ಅವರಿಗೆ ತುಂಬಾ ಮುಖ್ಯ ಅಂದಳು. ಫೋನ್ ಕುಕ್ಕಿದೆ.

ಹತ್ತಾರು ಬೀದಿ ಸುತ್ತಿ ಕೊನೆಗೆ ಒಂದು ರೂಮು ಸಿಕ್ಕಿತು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ನಾಲ್ಕನೇ ಕ್ಲಾಸಿನ ನನ್ನ ಮಗಳು ಚೀಲದ ಬಾಯಿ ಹಿಡಿದುಕೊಂಡಿದ್ದಳು. ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಕೇಳಿದಳು:

‘ಅಮ್ಮ, ಅಲ್ಲಿ ಕೇಳಿದ್ರೆ ನಿಂಗೆ ಏನು ಕಾಯಿಲೆ ಅಂತ ಹೇಳ್ಲಿ?’