ತೂತು ಬಿದ್ದ ಐದು ಇಂತಿಗಳ ಒಡತಿ

ಪೆರು ದೇಶದ ನಾಣ್ಯಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುವ ವಿದ್ವಾಂಸರು ರಾಜಧಾನಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಮ್ಮ ಹಳೆಯ ಹಣವಾದ ಇಂತಿಯ ಐದರ ನಾಣ್ಯವೊಂದನ್ನು ಕೈಗಿಟ್ಟರೆ ಅದು ಯಾರ ಮನೆಯ ಸೂರಿನಲ್ಲಿತ್ತೆಂದು ಹೇಳಬಲ್ಲವರು ನಮ್ಮ ಹುಲಿಯಾಕಾದ ಡೋನ್ಯಾ ಎರ್ಮೆಲಿಂದಾ ಚೋಕೆ ಒಬ್ಬರೇ. ನಗರದ ನಾಣ್ಯ ಸಂಗ್ರಹಾಲಯದ ಪಾಲಕಿಯಾಗಿ ದುಡಿದು ನಿವೃತ್ತರಾಗಿರುವ ಅವರ ಸೇವೆಯನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆಯಿರೆಂದು ಸನ್ಮಾನ ಸಮಿತಿಯವರು ಕೇಳಿದ್ದಾರೆ. ಬರೆಯುತ್ತೇನೆ; ಆದರೆ ಸಿಟ್ಟನ್ನು ಬದಿಗಿಟ್ಟು ಬರೆಯಲು ನನ್ನಿಂದಾಗದು.

ಆ ನಾಣ್ಯ ಹುಟ್ಟಿದ್ದು ಎಂಬತ್ತೈದರಲ್ಲಿ. ಕೆಲವೇ ವರ್ಷಗಳಲ್ಲಿ ಬೆಲೆಯೇರಿಕೆ ಅದನ್ನು ನುಂಗಿ ನೀರು ಕುಡಿಯಿತು. ಒಂದು ವಾಷರು ಕೊಳ್ಳಲು ಹಿಡಿ ನಾಣ್ಯ ಸುರಿಯಬೇಕಾದಾಗ ನಮ್ಮ ಜನ ನಾಣ್ಯಕ್ಕೇ ತೂತು ಕೊರೆದು, ಅದನ್ನೇ ವಾಷರಾಗಿಸಿ ಸೂರಿನ ತಗಡಿಗೆ ಮೊಳೆ ಹೊಡೆದರು. ಸಂಗ್ರಾಹಕ ಮಹಾಶಯರು ಯಾರೂ ಮುಟ್ಟದ ಹೊಳೆಯುವ ನಾಣ್ಯಗಳನ್ನು ಮಖಮಲ್ಲಿನಲ್ಲಿ ಮಲಗಿಸುತ್ತಿದ್ದಾಗ, ಡೋನ್ಯಾ ಎರ್ಮೆಲಿಂದಾ ಚೀಲದ ತುಂಬ ಹೊಸ ವಾಷರು ಹೊತ್ತು ಮೂವತ್ತೊಂದು ವರ್ಷ ಮನೆಮನೆ ಅಲೆದು, ಒಂದಕ್ಕೊಂದು ಬದಲಿ ಕೊಟ್ಟು ತೂತಿನ ನಾಣ್ಯ ತಂದರು.

"ತಗೊಳ್ಳಿ ತಾಯಿ, ಆದ್ರೆ ಏಣಿ ಹತ್ತೋದು ನೀವೇ. ಸೋರಿದ್ರೆ ನನ್ನ ಹೆಂಡ್ತಿ ಮಕ್ಳನ್ನ ನಿಮ್ಮನೇಗೇ ಕಳಿಸ್ತೀನಿ!" ಎಂದು ತಗಡಿನ ಮೇಸ್ತ್ರಿಯೊಬ್ಬ ಛೇಡಿಸಿದಾಗ, ಐವತ್ತು ದಾಟಿದ್ದ ಅವರು ನಿಜಕ್ಕೂ ಏಣಿ ಹತ್ತಿದ್ದರು. ಏಣಿ ಹಿಡಿದಿದ್ದವನು ನಾನು. ಪ್ರತಿ ನಾಣ್ಯಕ್ಕೊಂದು ಲಕೋಟೆ. ಅದರ ಮೇಲೆ ಮನೆಯವರ ಹೆಸರು, ತೂತು ಕೊರೆದವನ ಹೆಸರು, ವರ್ಷ. ಅಂಥವು ಆರುನೂರ ನಲವತ್ತಿದ್ದವು.

ನಾನು ಸಹಾಯಕನಾಗಿ ಸೇರಿದ ಮೊದಲ ತಿಂಗಳಲ್ಲೇ ಹಳೆಯ ಬೆಳ್ಳಿ ನಾಣ್ಯವೊಂದನ್ನು ನಿಂಬೆಹಣ್ಣು, ಬೂದಿ ಹಾಕಿ ತಿಕ್ಕಿ ಥಳಥಳಿಸುವಂತೆ ಮಾಡಿ ಹಾಳುಗೆಡವಿದ್ದೆ. ಅವರು ಅದನ್ನು ತಮ್ಮದೇ ಅಜಾಗರೂಕತೆಯೆಂದು ದಾಖಲೆಯಲ್ಲಿ ಬರೆದುಕೊಂಡರು. ಆ ವರ್ಷ ಅವರ ಬಡ್ತಿ ತಪ್ಪಿತು. ನನಗೆ ಹೇಳಿದ್ದಿಷ್ಟೇ: "ಇನ್ಮೇಲೆ ನಿಂಬೆಹಣ್ಣು ಸೂಪಿಗೆ ಮಾತ್ರ ಕಣಪ್ಪಾ."

ಇಂಥವರ ನಿವೃತ್ತಿಗೆ ಎಂಟು ದಿನವಿರುವಾಗ ಹೊಸ ನಿರ್ದೇಶಕ ಬುಸ್ತಿನ್ಸಾ ಅವರು ಆ ಲಕೋಟೆಗಳಿದ್ದ ಕಪಾಟು ತೆರೆಸಿದರು.

"ಈ ತೂತು ಚೂರುಗಳನ್ನ ಇಟ್ಕೊಂಡು ಮ್ಯೂಸಿಯಂ ಅಂತೀರಲ್ಲಮ್ಮಾ, ಗುಜರಿ ಅಂಗಡಿ ಅಂತ ಬೋರ್ಡು ಹಾಕ್ಸಿಬಿಡ್ಲಾ?"

"ಹಾಕ್ಸಿ ಸಾರ್. ಆಗಲಾದ್ರೂ ಜನ ಒಳಗೆ ಬಂದಾರು."

ಮರುದಿನ ಡೋನ್ಯಾ ಎರ್ಮೆಲಿಂದಾ ರಜೆಯಲ್ಲಿದ್ದರು. "ಹಾನಿಗೊಂಡ ಲೋಹ, ನಾಲ್ಕೂವರೆ ಕಿಲೋ" ಎಂಬ ಒಂದು ಸಾಲಿನ ಪಟ್ಟಿಯೊಡನೆ ನಾಣ್ಯಗಳು ಕುಲುಮೆಗೆ ಹೋದವು, ಲಕೋಟೆಗಳು ರದ್ದಿಗೆ. ನಮ್ಮೂರಿನ ಬಡವರು ಆ ಕೆಟ್ಟ ಕಾಲವನ್ನು ಹೇಗೆ ದಾಟಿದರೆಂಬುದಕ್ಕಿದ್ದ ಏಕಮಾತ್ರ ಸಾಕ್ಷಿಯನ್ನು, ಅದನ್ನು ಕಾಯಲೆಂದೇ ಸಂಬಳ ಪಡೆಯುವವರು ಕರಗಿಸಿದರು. ಇದಕ್ಕೆ ನಾಚಿಕೆಗೇಡು ಎನ್ನದೆ ಇನ್ನೇನೆನ್ನಲಿ?

ಆ ಪಟ್ಟಿಗೆ ಮೂರು ಸಹಿ ಬೇಕಿತ್ತು. ಮೂರನೆಯದು ನನ್ನದು. ಓದದೆ ಹಾಕಿದೆನೆಂದು ಹೇಳಿ ಇಲ್ಲಿ ಪಾರಾಗಬಹುದಿತ್ತು. ಓದಿಯೇ ಹಾಕಿದೆ. ಅವರ ಕುರ್ಚಿ ನನಗೆ ಸಿಗುವುದಿತ್ತು, ಸಿಕ್ಕಿತು.

ರಜೆ ಮುಗಿಸಿ ಬಂದವರು ಖಾಲಿ ಕಪಾಟಿನ ಮುಂದೆ ನಿಂತು, "ಲಕೋಟೆಗಳಾದ್ರೂ ಇವೆಯೇನಪ್ಪಾ?" ಎಂದು ಕೇಳಿದರು.

ಈಗ ಅರವತ್ತೈದರ ಡೋನ್ಯಾ ಎರ್ಮೆಲಿಂದಾ ಮೊದಲಿನಿಂದ ಆರಂಭಿಸಿದ್ದಾರೆ. ಈವರೆಗೆ ಹನ್ನೊಂದು ನಾಣ್ಯ ಸಿಕ್ಕಿವೆಯಂತೆ. ಅವರಿಗೆ ದೀರ್ಘಾಯುಷ್ಯ ಕೋರಿ ಮುಗಿಸುವುದು ಇಂಥ ಲೇಖನದ ವಾಡಿಕೆ. ನಾನು ಕೋರುವುದು ಮೂವತ್ತೊಂದು ವರ್ಷ, ಏಣಿ ಹತ್ತುವ ಕಸುವಿನೊಡನೆ, ಒಂದು ದಿನವೂ ಕಡಿಮೆಯಿಲ್ಲದೆ. ನಾವು ಅವರಿಂದ ಕಿತ್ತುಕೊಂಡದ್ದು ಅಷ್ಟನ್ನು.