ಪೆಂಗೆಲಿಯ ರೈಲು
ಕ್ವೀನ್ಸ್‌ಲ್ಯಾಂಡಿನ ಪಾರ್ಲಿಮೆಂಟಿಗೆ ನಾಲ್ಕು ಸಲ ನಿಂತು ನಾಲ್ಕು ಸಲವೂ ಮಣ್ಣು ಮುಕ್ಕಿದ್ದ ಪೆಂಗೆಲಿ, ಹೆಂಡದಂಗಡಿಯ ಮುಂದೆ ಉಣ್ಣೆಮೂಟೆ ಹತ್ತಿದನೆಂದರೆ ಬರಗಾಲಕ್ಕೂ ಮೊಲದ ಕಾಟಕ್ಕೂ ಮಂತ್ರಿಗಳ ಸೋಮಾರಿತನಕ್ಕೂ ಒಂದೇ ಮದ್ದು ಹೇಳುತ್ತಿದ್ದ: ಊರಿಗೆ ರೈಲು. ಆಗ ಕುರಿಯ ಉಣ್ಣೆ ಕತ್ತರಿಸುವ ಕ್ವಿನ್‌ಲನ್ ಎಂಬವನು ಗುಂಪಿನ ನಡುವಿನಿಂದ, “ಎಲ್ಲಯ್ಯಾ ನಿನ್ ರೈಲು? ಹೋದ್ಸಲ ಹೊರಟಿದ್ದು ಇನ್ನೂ ಬಂದಿಲ್ವಲ್ಲ!” ಎಂದು ಕೂಗಬೇಕು, “ನಿನ್ ಬಾಯಷ್ಟು ಜೋರಾಗಿ ಓಡಲ್ಲ ಅದು, ತಡ್ಕೊಳ್ಳೋ!” ಎಂದು ಇವನು ತಿರುಗೇಟು ಕೊಡಬೇಕು, ಆಮೇಲೇ ಭಾಷಣಕ್ಕೆ ಕಳೆ. ಈ ಐದನೆಯ ಸಲ ಚುನಾವಣೆಯ ಕೊನೆಯ ಸಭೆಗೆ ಊರಿಗೂರೇ ನೆರೆದಿತ್ತು, ಗೆಲ್ಲುವ ಗಾಳಿಯೂ ಬೀಸುತ್ತಿತ್ತು. ಆದರೆ ಕ್ವಿನ್‌ಲನ್ ಹಾಸಿಗೆ ಹಿಡಿದಿದ್ದಾನೆಂದು ಯಾರೋ ಹೇಳಿದ್ದೇ ತಡ, ಪೆಂಗೆಲಿ ಮೂಟೆಯಿಂದಿಳಿದು, ಜನರನ್ನೆಲ್ಲ ಅಲ್ಲೇ ಬಿಟ್ಟು, ಅವನ ತಗಡಿನ ಮನೆಗೆ ನಡೆದ. ಮಂಚದ ಪಕ್ಕದ ಸ್ಟೂಲು ಹತ್ತಿ, ಟೋಪಿ ತೆಗೆದು, “ಮಹಾಜನಗಳೇ...” ಎಂದು ಶುರುಮಾಡಿದ. “ಎಲ್ಲಯ್ಯಾ... ರೈಲು?” ಎಂದು ಕ್ವಿನ್‌ಲನ್‌ನ ತುಟಿ ಅಲ್ಲಾಡಿತು. “ಜೋರಾಗಿ ಕೂಗೋ,” ಎಂದ ಪೆಂಗೆಲಿ, ಕಣ್ಣೊರೆಸಿಕೊಳ್ಳುತ್ತ, “ಹಿಂದಿನ ಸಾಲಿನೋರಿಗೆ ಕೇಳಿಸ್ತಿಲ್ಲ.”