ಆಪರೇಷನ್ನಿಗೆ ಮುಂಚಿನ ಫೋಟೋ

ಅಕ್ಕನ ಎಡಮೊಲೆಯಲ್ಲಿ ಗಂಟು ಕಾಣಿಸಿಕೊಂಡಾಗ ಅವಳ ಮಗಳು ಇನ್ನೂ ಶಾಲೆಗೆ ಸೇರಿರಲಿಲ್ಲ. ಭಾವನಿಗೆ ಕಾರ್ಖಾನೆಯಲ್ಲಿ ಕೆಲಸ, ಕೆ.ಆರ್. ಪುರದ ಕಡೆ ಕಾಲೊನಿಯಲ್ಲಿ ಮನೆ. ನಾನು ಹಲಸೂರಿನಲ್ಲಿ ಅಮ್ಮನ ಜೊತೆಗಿದ್ದು ಶಿವಾಜಿನಗರದಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಎದೆಯನ್ನು ಪೂರ್ತಿ ತೆಗೆದುಬಿಡಬೇಕು ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಿದವರು ಅಪೆಂಡಿಕ್ಸ್ ಇರಬೇಕು ಅಂದುಕೊಂಡರೆ ಅಮ್ಮ ತಿದ್ದುತ್ತಲೂ ಇರಲಿಲ್ಲ.

ಆಸ್ಪತ್ರೆಗೆ ಸೇರುವ ಮುಂಚೆ ಅಕ್ಕ ಒಮ್ಮೆ ನಮ್ಮಲ್ಲಿಗೆ ಬಂದಳು. ಅಮ್ಮ ಹಿಂದುಗಡೆ ಬಟ್ಟೆ ಒಗೆಯುತ್ತಿದ್ದಾಗ ನನ್ನ ಪಕ್ಕ ಕೂತು, ‘ನಂಗೊಂದು ಫೋಟೋ ತೆಗೆಸ್ಕೋಬೇಕು ಕಣೇ,’ ಎಂದಳು.

‘ಹಲಸೂರಲ್ಲೇ ಸ್ಟುಡಿಯೋ ಇದ್ಯಲ್ಲ.’

‘ಆ ತರದ್ದಲ್ಲ. ನಾನು ಈಗ ಹೇಗಿದೀನೋ ಹಾಗೆ. ಅವರು ಕತ್ತರಿಸೋಕೆ ಮುಂಚೆ.’

ಅರ್ಥವಾದ ಮೇಲೆ ಅವಳ ಮುಖ ನೋಡಲು ನನಗಾಗಲಿಲ್ಲ. ನಮ್ಮೆದುರಿಗೂ ಸೆರಗು ಜಾರಗೊಡದವಳು ಅವಳು. ಮದುವೆಯ ಗ್ರೂಪ್ ಫೋಟೋ ಬಿಟ್ಟರೆ ಅವಳದೇ ಎನ್ನುವ ಒಂದು ಚಿತ್ರವೂ ಇರಲಿಲ್ಲ.

ಸ್ಟುಡಿಯೋಗಳಲ್ಲಿ ಇದ್ದವರೆಲ್ಲ ಗಂಡಸರು. ನನ್ನ ಜೊತೆ ಟೈಪಿಂಗ್ ಕಲಿಯುತ್ತಿದ್ದ ಗೆಳತಿಯೊಬ್ಬಳು ದಾರಿ ತೋರಿಸಿದಳು. ಕುಕ್ ಟೌನಿನಲ್ಲಿ ವಯಸ್ಸಾದ ಆಂಗ್ಲೋ ಇಂಡಿಯನ್ ಹೆಂಗಸೊಬ್ಬರು ಮನೆಯಲ್ಲೇ ಫೋಟೋ ತೆಗೆಯುತ್ತಾರೆ, ಪ್ರಿಂಟನ್ನೂ ತಾವೇ ಹಾಕುತ್ತಾರೆ, ಬೇರೆಯವರ ಕಣ್ಣಿಗೆ ಬೀಳುವುದಿಲ್ಲ ಎಂದಳು. ದೇವಸ್ಥಾನಕ್ಕೆ ಹೋಗುತ್ತೇವೆಂದು ಅಮ್ಮನಿಗೆ ಹೇಳಿ ನಾವಿಬ್ಬರೂ ಹೊರಟೆವು.

ಆ ಮನೆಯ ಮುಂದಿನ ಕೋಣೆಯಲ್ಲಿ ಕೂತಾಗ ಹೇಗೆ ಕೇಳುವುದೆಂದು ತಿಳಿಯದೆ ನಾನು ತಡವರಿಸಿದೆ. ಅಕ್ಕ ಸೆರಗಿನ ಮೇಲೆ ಎಡಗಡೆ ಕೈಯಿಟ್ಟು, ‘ಸೋಮವಾರ ಆಪರೇಷನ್,’ ಎಂದಳು, ಅಷ್ಟೇ. ಆ ಹೆಂಗಸು ಅವಳನ್ನೊಮ್ಮೆ ನೋಡಿ ಎದ್ದು, ತಮ್ಮ ಮಲಗುವ ಕೋಣೆಗೆ ಕರೆದುಕೊಂಡು ಹೋದರು. ಹಾಸಿಗೆಯ ಮೇಲಿನ ಬಣ್ಣದ ಹೊದಿಕೆ ತೆಗೆದು ಬಿಳಿಯ ದುಪ್ಪಟಿ ಹಾಸಿದರು. ಕಿಟಕಿಗೆ ತೆಳುವಾದ ಪರದೆ ಎಳೆದರು.

ಅಕ್ಕ ಮಂಚದ ಅಂಚಿನಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತವಳಂತೆ ನೆಟ್ಟಗೆ ಕೂತಳು.

‘ಸ್ಟುಡಿಯೋ ತರ ಬೇಡಮ್ಮಾ,’ ಎಂದರು ಅವರು, ತಮಿಳು ಬೆರೆತ ಕನ್ನಡದಲ್ಲಿ. ‘ತಲೆಗೆ ನೀರು ಹಾಕ್ಕೊಂಡು ಬಂದು ಮನೇಲಿ ಹೆಂಗೆ ಕೂರ್ತೀಯೋ ಹಂಗೆ ಕೂತ್ಕೋ. ಕೂದಲು ಬಿಡು. ಒಂದು ಕಾಲು ಮೇಲೆ ಮಡಚ್ಕೋ.’

ಅಕ್ಕ ಜಡೆ ಬಿಚ್ಚಿದಳು. ರವಿಕೆಯ ಗುಂಡಿಗಳನ್ನು ನಾನೇ ಹೋಗಿ ಬಿಚ್ಚಿದೆ. ಸೀರೆಯನ್ನು ಮೈಮೇಲೆ ಸಡಿಲವಾಗಿ ಹೊದಿಸಿದೆವು. ಮೊದಲು ಬೆನ್ನು ಕಾಣುವಂತೆ ಕಿಟಕಿಯ ಕಡೆ ತಿರುಗಿಸಿ ಕೂರಿಸಿದರು. ಆಮೇಲೆ ಪಕ್ಕಕ್ಕೆ ಒರಗಿಸಿದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಅಕ್ಕ ಮತ್ತೆ ಮತ್ತೆ ಎದೆ ಮುಚ್ಚಿಕೊಳ್ಳುತ್ತಿದ್ದಳು. ‘ಒಂದು ಕೈ ಕೂದಲಲ್ಲಿ ಇರ್ಲಿ,’ ಎಂದರು ಅವರು. ‘ಉಸಿರು ಬಿಡು. ನನ್ನ ನೋಡ್ಬೇಡ, ತಂಗೀನ ನೋಡು.’

ಅಕ್ಕ ನನ್ನನ್ನು ನೋಡಿದಳು. ‘ಇವಳು ನನಗಿಂತ ಜಾಸ್ತಿ ನಾಚ್ಕೋತಿದಾಳೆ,’ ಎಂದು ನಕ್ಕಳು. ಸೆರಗು ಜಾರಿತು, ಅವಳು ಹಿಡಿಯಲಿಲ್ಲ. ಕ್ಯಾಮೆರಾ ಸದ್ದು ಮಾಡಿತು. ನಗು ಮುಗಿಯುವ ಮುಂಚೆಯೇ ಅವಳು ಅಳಲು ಶುರುಮಾಡಿದ್ದಳು. ಆ ಹೆಂಗಸು ಕ್ಯಾಮೆರಾ ಕೆಳಗಿಟ್ಟು, ಸೀರೆಯನ್ನು ಎತ್ತಿ ಹೆಗಲಿಗೆ ಹೊದಿಸಿ, ಅಳು ನಿಲ್ಲುವವರೆಗೂ ಅವಳ ಪಕ್ಕ ಕೂತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕನ ತೋಳು ಊದಿಕೊಂಡಿತ್ತು. ರವಿಕೆಯ ಒಳಗೆ ಹತ್ತಿ ತುಂಬಿಕೊಳ್ಳುತ್ತಿದ್ದಳು. ಒಂದು ದಿನ ನಾನು ಅವರ ಅಡುಗೆಮನೆಯಲ್ಲಿದ್ದಾಗ, ಕುಕ್ ಟೌನಿನಿಂದ ನಾನು ತಂದುಕೊಟ್ಟಿದ್ದ ಆ ಫೋಟೋವನ್ನು ಭಾವನಿಗೆ ತೋರಿಸಿದಳು. ಅವರು ಬೈಯುತ್ತಾರೆಂದು ನಾನು ಹೆದರಿದೆ.

‘ಇದ್ಯಾಕೆ ತೆಗೆಸ್ದೆ?’ ಎಂದರು ಭಾವ, ಸಣ್ಣ ದನಿಯಲ್ಲಿ. ‘ನಾನು ನೋಡಿದೀನಲ್ಲ.’

‘ನಿಮಗಲ್ಲ ರೀ. ನಾನು ನೋಡ್ಕೊಂಡಿರ್ಲಿಲ್ಲ.’

 ಅನ್ನ ಬೆಂದಿದ್ದರೂ ನಾನು ಒಲೆಯ ಮುಂದೆಯೇ ನಿಂತಿದ್ದೆ.

ರೋಗ ಶ್ವಾಸಕೋಶಕ್ಕೆ ಹೋಯಿತು. ಮಗಳನ್ನು ಶಾಲೆಗೆ ಸೇರಿಸುವಷ್ಟು ದಿನ ಬದುಕಿದ್ದಳು ಅಕ್ಕ, ಅದಕ್ಕಿಂತ ಹೆಚ್ಚಿಲ್ಲ. ಗೋಡೆಯ ಮೇಲೆ ಹಾರ ಹಾಕಲು ಮದುವೆಯ ಗ್ರೂಪಿನಿಂದ ಅವಳ ಮುಖವನ್ನಷ್ಟೇ ತೆಗೆದು ದೊಡ್ಡದು ಮಾಡಿಸಿದರು. ಅದರಲ್ಲಿ ಅವಳು ಯಾರೋ ಹೆದರಿದ ಹುಡುಗಿಯಂತೆ ಕಾಣುತ್ತಿದ್ದಳು.

ಮಗುವನ್ನು ನೋಡಿಕೊಳ್ಳುವವರಿಲ್ಲವೆಂದು ಹಿರಿಯರು ಹಟ ಹಿಡಿದು ಭಾವನಿಗೆ ಮತ್ತೊಂದು ಮದುವೆ ಗೊತ್ತುಮಾಡಿದರು. ಮದುವೆಗೆ ಮುಂಚೆ ಒಂದು ಭಾನುವಾರ ಅವರು ಹಲಸೂರಿಗೆ ಬಂದು, ಅಮ್ಮ ಕಾಫಿ ಮಾಡಲು ಒಳಗೆ ಹೋದಾಗ, ಒಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟರು.

‘ಇದು ನಿನ್ನ ಹತ್ರ ಇರ್ಲಿ. ಬರೋಳ ಕಣ್ಣಿಗೆ ಬಿದ್ರೆ ಅವಳಿಗೂ ಕಷ್ಟ, ಇವಳಿಗೂ ಮರ್ಯಾದೆ ಅಲ್ಲ. ಹರಿಯೋಕೆ ನನ್ನ ಕೈಲಾಗಲ್ಲ.’

ನಾನು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡೆ. ಅವರು ಏಳಲಿಲ್ಲ.

‘ಇದ್ರಲ್ಲಿ ನಗ್ತಿದಾಳಲ್ಲ,’ ಎಂದರು. ‘ಯಾಕೆ ನಕ್ಳು ಅವತ್ತು?’

ಭಾವನ ಎದುರು ಅಂಥ ವಿಷಯ ಆಡಿದವಳಲ್ಲ ನಾನು. ಆದರೂ ಬಿಳಿಯ ದುಪ್ಪಟಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅಮ್ಮ ಕಾಫಿ ತಂದು ನಮ್ಮ ಮುಂದಿಟ್ಟು, ನಮ್ಮ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದಳು.